ಇಡ್ಲಾ ಹಾಗಾದ್ರೆ?

ಅಮ್ಮನ ಜೊತೆ ಫೋನಿನಲ್ಲಿ ಮಾತು ಮುಗಿಯುವುದು ಯಾವತ್ತೂ ಒಂದೇ ರೀತಿ. ಕೊಬ್ಬರಿ ರೇಟು, ಪಕ್ಕದ ಮನೆಯವರು ಕೊರೆಸಿದ ಬೋರ್‌ವೆಲ್ಲು, ಮಂಡಿನೋವಿಗೆ ಯಾರೋ ಹೇಳಿದ ಎಣ್ಣೆ, ಇಷ್ಟೂ ಆದ ಮೇಲೆ ಉಸ್ಸಂತ ಉಸಿರು ಬಿಟ್ಟು ಕೇಳುತ್ತಾಳೆ: ‘ಸರಿ ಕಣೋ, ಇಡ್ಲಾ ಹಾಗಾದ್ರೆ?’ ನಾನು ‘ಇಡಮ್ಮ’ ಅನ್ನುತ್ತೇನೆ. ಅವಳು ಇಡುವುದಿಲ್ಲ. ಅಷ್ಟರಲ್ಲಿ ಇನ್ನೊಂದು ಸುದ್ದಿ ನೆನಪಾಗಿರುತ್ತದೆ. ಅದು ಮುಗಿದ ಮೇಲೆ ಮತ್ತೆ, ‘ಇಡ್ಲಾ?’

ಇಡುವುದು ಏನನ್ನು? ಎಲ್ಲಿ? ಅವಳ ಕೈಯಲ್ಲಿರುವುದು ಮೊಮ್ಮಗಳು ಬಳಸಿ ಬಿಟ್ಟ ಮೊಬೈಲು. ಮಾತಿಗೆ ಮೊದಲೂ ಅದು ಕೈಯಲ್ಲೇ ಇತ್ತು, ಮಾತು ಮುಗಿದ ಮೇಲೂ ಕೈಯಲ್ಲೇ ಇರುತ್ತದೆ. ಇಡಲು ಒಂದು ಜಾಗ ಅಂತ ನಿಜವಾಗಿ ಇದ್ದ ಕಾಲವನ್ನು ನಾನು ಬಲ್ಲೆ. ಅರಸೀಕೆರೆಯ ನಮ್ಮ ಬೀದಿಗೆಲ್ಲ ಆಗ ಒಂದೇ ಫೋನು, ಕೊಬ್ಬರಿ ಮಂಡಿ ಸಾಹುಕಾರರ ಮನೆಯಲ್ಲಿ. ನಡುಮನೆಯ ಮೂಲೆಯಲ್ಲೊಂದು ಸ್ಟೂಲು, ಸ್ಟೂಲಿನ ಮೇಲೆ ಕ್ರೋಶಾ ಹೆಣೆದ ಬಟ್ಟೆ, ಬಟ್ಟೆಯ ಮೇಲೆ ಭಾರದ ಕಪ್ಪು ರಿಸೀವರನ್ನು ತಲೆಯಲ್ಲಿ ಹೊತ್ತು ಕೂತ ಫೋನು. ಡಯಲಿನ ತೂತಿಗೆ ಪುಟ್ಟ ಬೀಗ. ಬೀಗದ ಕೈ ಸಾಹುಕಾರರ ಉಡಿದಾರದಲ್ಲಿ. ನಮ್ಮ ನೆಂಟರು ಆ ನಂಬರನ್ನು ಡೈರಿಯಲ್ಲಿ ಬರೆದುಕೊಂಡು ಮುಂದೆ ‘ಪಿ.ಪಿ.’ ಎಂದು ಸೇರಿಸಿಕೊಳ್ಳುತ್ತಿದ್ದರು. ಫೋನು ನಮ್ಮದಲ್ಲ, ಆದರೆ ಕರೆದು ಕೊಡುತ್ತಾರೆ ಎಂದು ಅದರ ಅರ್ಥ.

ಬೆಂಗಳೂರಿನಿಂದ ಮಾವನ ಟ್ರಂಕ್ ಕಾಲ್ ಬಂತೆಂದರೆ ಸಾಹುಕಾರರ ಮನೆಯ ಹುಡುಗ ಓಡಿ ಬರುತ್ತಿದ್ದ. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗುವ ಹೊತ್ತಿಗೆ ರಿಸೀವರು ಸ್ಟೂಲಿನ ಮೇಲೆ ಅಡ್ಡ ಮಲಗಿ ಕಾಯುತ್ತಿರುತ್ತಿತ್ತು. ಮೂರು ನಿಮಿಷ ಆದೊಡನೆ ಆಪರೇಟರು ನಡುವೆ ಬಾಯಿ ಹಾಕಿ ಇನ್ನೂ ಬೇಕಾ ಎಂದು ಕೇಳುವಳು. ಆಗ ಅಮ್ಮ ಗಾಬರಿಯಲ್ಲಿ ಕೂಗಿ ಹೇಳುತ್ತಿದ್ದ ಮಾತೇ ಇದು: ‘ಇಡ್ತೀನಣ್ಣಾ!’ ಆಮೇಲೆ ಎರಡೂ ಕೈಯಲ್ಲಿ, ಹಸುಗೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ ರಿಸೀವರನ್ನು ಅದರ ಜಾಗದಲ್ಲಿ ಇಡುವಳು. ಅಲ್ಲಿ ಎರಡು ಸಣ್ಣ ಗುಂಡಿಗಳಿದ್ದವು. ರಿಸೀವರಿನ ಭಾರಕ್ಕೆ ಅವು ತಗ್ಗಿದರೆ ಮಾತ್ರ ಲೈನು ಮುಗಿಯುವುದು. ಒಂಚೂರು ಓರೆಯಾಗಿ ಇಟ್ಟರೆ ಅವತ್ತು ಇಡೀ ಬೀದಿಗೆ ಫೋನಿಲ್ಲ. ಜಗಳ ಆಡುವವರು ಇಡುತ್ತಿರಲಿಲ್ಲ, ಕುಕ್ಕುತ್ತಿದ್ದರು. ‘ಫೋನ್ ಕುಕ್ಕಿಬಿಟ್ಟ’ ಅಂದರೆ ಸಂಬಂಧವೇ ಕೆಟ್ಟಿತು ಅಂತ. ಈಗಿನ ಗಾಜಿನ ಫೋನನ್ನು ಕುಕ್ಕಿದರೆ ರಿಪೇರಿಗೆ ಸಾವಿರಗಟ್ಟಲೆ ಬೇಕು. ಅಷ್ಟು ಬೆಲೆ ಬಾಳುವ ಕೋಪ ಸಾಮಾನ್ಯರಿಗೆಲ್ಲಿಂದ ಬರಬೇಕು?

ನನ್ನ ಮಗಳು ಇಡುವುದಿಲ್ಲ, ಕಟ್ ಮಾಡುತ್ತಾಳೆ. ‘ಅಪ್ಪಾ, ಕಟ್ ಮಾಡ್ತೀನಿ, ಬೈ.’ ಅವಳದೇನೂ ತಪ್ಪಲ್ಲ. ಕೆಂಪು ಗುಂಡಿಗೆ ಬೆರಳು ತಗಲಿಸುವುದಷ್ಟೇ ಈಗಿನ ಕೆಲಸ. ಆ ಕೆಂಪು ಗುಂಡಿಯ ಮೇಲಿರುವ ಚಿತ್ರವನ್ನು ನೋಡಿದರೆ ಮಾತ್ರ ನನಗೆ ನಗು ಬರುತ್ತದೆ: ಸಾಹುಕಾರರ ಮನೆಯ ಅದೇ ರಿಸೀವರು, ಇನ್ನೂ ಅಡ್ಡ ಮಲಗಿಕೊಂಡೇ ಇದೆ.

ವಸ್ತುಗಳು ಹೋಗುವಾಗ ತಮ್ಮ ಹೆಸರನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗುತ್ತವೆ. ಟ್ರಂಕ್ ಕಾಲ್, ಪಿ.ಪಿ. ನಂಬರು, ಡಯಲ್ ಬೀಗ ಎಂಬ ಮಾತುಗಳನ್ನು ನಮ್ಮ ಮನೆಯಲ್ಲಿ ಯಾರೂ ಆಡಿ ಎಷ್ಟೋ ವರ್ಷವಾಯಿತು. ಹಿಂದೆ ಉಳಿದುಕೊಳ್ಳುವುದು ಕ್ರಿಯಾಪದ, ಕೈ ಮಾಡುತ್ತಿದ್ದ ಕೆಲಸದ ಮಾತು. ಇಡು, ಎತ್ತು. ‘ಅವನು ಫೋನೇ ಎತ್ತಲ್ಲ’ ಎಂದು ಇವತ್ತೂ ಬೈಯುತ್ತೇವೆ, ಎತ್ತುವುದಕ್ಕೆ ಏನೂ ಇಲ್ಲದಿದ್ದರೂ. ಇದನ್ನು ಕನ್ನಡದ ಗಟ್ಟಿತನ ಅಂದುಕೊಂಡು ನಾನು ಇಷ್ಟು ವರ್ಷ ಒಳಗೊಳಗೇ ಬೀಗುತ್ತಿದ್ದೆ. ಈಚೆಗೆ ಆ ಬೀಗು ಇಳಿಯುತ್ತಿದೆ.

ನನ್ನ ಹೆಂಡತಿ ಧಾರವಾಡದ ಕಡೆಯವಳು. ಮದುವೆಯಾದ ಹೊಸತರಲ್ಲಿ ಅವರ ಮನೆಗೆ ಹೋದಾಗ ಅತ್ತೆ ಬಾಗಿಲ ಹಿಂದಿನಿಂದಲೇ ಹೇಳಿದರು: ‘ಝಳ ಭಾಳ ಅದ, ಫ್ಯಾನ್ ಹಚ್ಗೋರಿ.’ ಬೆಂಕಿಪೊಟ್ಟಣ ಎಲ್ಲಿದೆ ಎಂದು ಕೇಳುವ ಆಸೆಯಾಯಿತು. ಹೊಸ ಅಳಿಯ, ಬಾಯಿ ಮುಚ್ಚಿಕೊಂಡೆ. ಆ ಸೀಮೆಯಲ್ಲಿ ಲೈಟನ್ನು ಹಚ್ಚುತ್ತಾರೆ, ರೇಡಿಯೋ ಹಚ್ಚುತ್ತಾರೆ, ಟಿ.ವಿ.ಯನ್ನೂ ಹಚ್ಚುತ್ತಾರೆ. ಎಣ್ಣೆ ಬತ್ತಿಗೆ ಕಡ್ಡಿ ಗೀರಿದ ಕೈ ಗೋಡೆಯ ಮೇಲಿನ ಸ್ವಿಚ್ಚಿಗೂ ಅದೇ ಮಾತನ್ನು ಒಯ್ದಿದೆ. ನಾನು ನಕ್ಕದ್ದು ತಪ್ಪೆಂದು ಆಮೇಲೆ ಗೊತ್ತಾಯಿತು. ನಮ್ಮ ಕಡೆ ‘ಲೈಟ್ ಹಾಕು’ ಅನ್ನುವುದು ನಿಜ, ಆದರೆ ಮಲಗುವಾಗ ನಾವೂ ‘ಲೈಟ್ ಆರಿಸು’ ಅಂತಲೇ ಅನ್ನುವುದು. ಊದಿದರೆ ಆರುವಂಥದ್ದು ಆ ಬಲ್ಬಿನಲ್ಲಿ ಏನಿದೆ? ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ನೂರು ವರ್ಷ ದಾಟಿದ ಮೇಲೂ ನಾವು ಬಲ್ಬನ್ನು ಆರಿಸುತ್ತಲೇ ಇದ್ದೇವೆ.

ಅಜ್ಜಿ ಇನ್ನೂ ಒಂದು ಹೆಜ್ಜೆ ಮುಂದೆ. ದೇವರ ದೀಪಕ್ಕೆ ‘ಆರಿಸು’ ಅನ್ನಬಾರದು, ‘ಶಾಂತ ಮಾಡು’ ಅನ್ನಬೇಕು. ದೇವರ ಮನೆಗೆ ಕೆಂಪು ಜೀರೋ ಕ್ಯಾಂಡಲ್ ಬಲ್ಬು ಬಂದ ಮೇಲೆ ಅವಳು ಅದನ್ನೂ ಶಾಂತವೇ ಮಾಡಿಸುತ್ತಿದ್ದಳು. ‘ಜೀರೋ ಕ್ಯಾಂಡಲ್’ ಅಂದೆನಲ್ಲ, ಅದನ್ನೂ ಒಂದು ಸಲ ಬಿಡಿಸಿ ನೋಡಿ. ಅಂಗಡಿಯಲ್ಲಿ ಜನ ಕೇಳುತ್ತಿದ್ದದ್ದು ವ್ಯಾಟ್ ಅಲ್ಲ, ‘40 ಕ್ಯಾಂಡಲ್ ಬಲ್ಬು, 60 ಕ್ಯಾಂಡಲ್ ಬಲ್ಬು’. ಬೆಳಕನ್ನು ಮೇಣದಬತ್ತಿಯ ಲೆಕ್ಕದಲ್ಲಿ ಅಳೆಯುತ್ತಿದ್ದ ಕಾಲದ ಮಾತು. ಆ ಲೆಕ್ಕದಲ್ಲಿ ನಮ್ಮ ದೇವರ ಮುಂದೆ ರಾತ್ರಿಯಿಡೀ ಉರಿಯುತ್ತಿದ್ದದ್ದು ಸೊನ್ನೆ ಮೇಣದಬತ್ತಿ. ಮೀಟರು ಮಾತ್ರ ಸೊನ್ನೆ ಅನ್ನುತ್ತಿರಲಿಲ್ಲ.

ಅಡುಗೆಮನೆಯಲ್ಲಿ ಈ ಸಂಗತಿ ಇನ್ನೂ ಆಳಕ್ಕೆ ಇಳಿದಿದೆ. ಬೀಸೋಕಲ್ಲಿನ ಮುಂದೆ ಅಜ್ಜಿಯೂ ಚಿಕ್ಕಜ್ಜಿಯೂ ಎದುರುಬದುರು ಕೂತು, ಒಂದು ಕಾಲು ಚಾಚಿ, ಒಂದೇ ಗೂಟವನ್ನು ಇಬ್ಬರೂ ಹಿಡಿದು ರಾಗಿ ಬೀಸುತ್ತಿದ್ದದ್ದು ನನಗೆ ಮಸುಕಾಗಿ ನೆನಪಿದೆ. ಒಬ್ಬರ ಎಡಗೈ ಕಲ್ಲಿನ ಬಾಯಿಗೆ ಹಿಡಿಹಿಡಿಯಾಗಿ ರಾಗಿ ಬಿಡುವುದು, ಕಲ್ಲಿನ ಸುತ್ತ ಹಿಟ್ಟು ಉಂಗುರ ಕಟ್ಟುವುದು. ನನಗೆ ಬುದ್ಧಿ ಬರುವಷ್ಟರಲ್ಲಿ ಮಿಲ್ಲು ಬಂದಿತ್ತು. ಆದರೂ ಡಬ್ಬ ತಲೆ ಮೇಲೆ ಹೊರಿಸಿ ಅಮ್ಮ ಹೇಳುತ್ತಿದ್ದದ್ದು ‘ರಾಗಿ ಬೀಸಿಸ್ಕೊಂಡು ಬಾರೋ’ ಎಂದೇ. ಮಿಲ್ಲಿನಲ್ಲಿ ಯಾರ ಕೈಯೂ ಬೀಸುತ್ತಿರಲಿಲ್ಲ. ಬೆಲ್ಟು ಪಟಪಟ ಬಡಿದುಕೊಳ್ಳುತ್ತಿತ್ತು, ಮಿಲ್ಲಿನವನು ರೆಪ್ಪೆಯವರೆಗೂ ಬೆಳ್ಳಗಾಗಿ ಬೀಡಿ ಹುಡುಕುತ್ತಿದ್ದ. ಆ ಕ್ರಿಯಾಪದ ಮಾತ್ರ ಕಲ್ಲಿನಿಂದ ಎದ್ದು ಬಂದು ಮಿಲ್ಲಿನ ಕ್ಯೂನಲ್ಲಿ ನಿಂತಿತ್ತು. ರುಬ್ಬುವುದರ ಕಥೆಯೂ ಅದೇ. ಒರಳುಕಲ್ಲಿನಲ್ಲಿ ಒರಳು ಕೂತಿರುತ್ತಿತ್ತು, ಗುಂಡು ತಿರುಗುತ್ತಿತ್ತು. ಗ್ರೈಂಡರಿನಲ್ಲಿ ಎಲ್ಲ ತಿರುಗುಮುರುಗು: ಪಾತ್ರೆ ತಿರುಗುತ್ತದೆ, ಗುಂಡು ನಿಂತಲ್ಲೇ ನಿಂತಿರುತ್ತದೆ. ಆದರೂ ಅಮ್ಮ ದೋಸೆಗೆ ರುಬ್ಬಿದಳು, ರುಬ್ಬಿಯೇ ರುಬ್ಬಿದಳು.

ನಮ್ಮ ಬೆಂಗಳೂರಿನ ಮನೆಯಲ್ಲಿ ರಾಗಿಯನ್ನು ಈಗ ‘ಮಿಲ್ ಮಾಡಿಸು’ತ್ತೇವೆ. ಹಿಟ್ಟನ್ನು ‘ಗ್ರೈಂಡ್ ಮಾಡು’ತ್ತೇವೆ. ಫ್ಯಾನು, ಲೈಟು, ಗ್ಯಾಸು ಎಲ್ಲವನ್ನೂ ‘ಆನ್ ಮಾಡು’, ‘ಆಫ್ ಮಾಡು’. ಧಾರವಾಡದ ಹುಡುಗಿ ಕೂಡ ಬೆಂಗಳೂರಿಗೆ ಬಂದು ಇಪ್ಪತ್ತೈದು ವರ್ಷಕ್ಕೆ ಹಚ್ಚುವುದನ್ನು ಮರೆತಳು. ತವರಿಗೆ ಫೋನು ಮಾಡಿದಾಗ ಮಾತ್ರ ಒಂದು ‘ಹಚ್ಚು’ ಬಾಯಿಗೆ ಬರುತ್ತದೆ. ‘ಮಾಡು’ ಕೆಟ್ಟ ಪದವಲ್ಲ, ಪಾಪ. ಕರೆದಲ್ಲಿಗೆ ಬರುವ ಕೂಲಿಯಾಳು ಅದು. ಸೇವ್ ಮಾಡು, ಕಾಲ್ ಮಾಡು, ಸೆಂಡ್ ಮಾಡು, ಡಿಲೀಟ್ ಮಾಡು. ಯಾವ ಇಂಗ್ಲಿಷ್ ತಲೆಗೆ ಬೇಕಾದರೂ ಬಾಲವಾಗಿ ಅಂಟಿಕೊಳ್ಳುತ್ತದೆ. ಆದರೆ ಹಚ್ಚುವಾಗ, ಆರಿಸುವಾಗ, ಬೀಸುವಾಗ, ರುಬ್ಬುವಾಗ, ಕುಕ್ಕುವಾಗ ಕೈ ಒಂದೊಂದು ಥರ ಆಡುತ್ತಿತ್ತು, ಒಂದೊಂದಕ್ಕೂ ಒಂದೊಂದು ಮಾತಿತ್ತು. ಈಗ ಎಲ್ಲಕ್ಕೂ ಒಂದೇ ಬೆರಳು, ಬೆರಳಿಗೊಂದೇ ಕ್ರಿಯಾಪದ. ಹಳೆಯ ವಸ್ತುಗಳು ಹೋದಾಗ ತಮ್ಮ ಕ್ರಿಯಾಪದಗಳನ್ನು ನಮಗೆ ಬಿಟ್ಟು ಹೋದವು. ಈಗ ಬರುತ್ತಿರುವ ವಸ್ತುಗಳು ಕ್ರಿಯಾಪದಗಳನ್ನು ತರುತ್ತಲೇ ಇಲ್ಲ. ನಾಳೆ ಇವು ಹೋದಾಗ ಬಿಟ್ಟು ಹೋಗಲು ಇವುಗಳ ಹತ್ತಿರ ಏನಿದೆ?

ಇಷ್ಟು ಅತ್ತ ಮೇಲೆ ಒಂದು ಅಪವಾದವನ್ನೂ ಹೇಳಬೇಕು. ‘ಹೊಡಿ’ ಅನ್ನುವುದು ಮಾತ್ರ ಸಾಯದ ಜೀವ. ಎತ್ತಿನ ಬೆನ್ನಿಗೆ ಬಾರುಕೋಲು ಬೀಸಿ ಗಾಡಿ ಹೊಡೆಯುತ್ತಿದ್ದ ನಮ್ಮ ಕಡೆಯ ಜನ ಎತ್ತು ಮಾರಿದ ಮೇಲೂ ಹೊಡೆಯುವುದನ್ನು ಬಿಡಲಿಲ್ಲ. ಟ್ರ್ಯಾಕ್ಟರು ಹೊಡೆದರು, ಲಾರಿ ಹೊಡೆದರು. ‘ನಿಮ್ಮ ಹುಡುಗ ಏನ್ ಮಾಡ್ತಾನೆ?’ ‘ಬೆಂಗ್ಳೂರಲ್ಲಿ ಆಟೋ ಹೊಡೀತಾನೆ.’ ಕಟ್ಟಿದ ಎತ್ತಿಲ್ಲದಿದ್ದರೂ ‘ಗಾಡಿ’ ಅನ್ನುವ ಹೆಸರೂ ಉಳಿಯಿತು, ಬೈಕಿಗೂ ಗಾಡಿ, ಕಾರಿಗೂ ಗಾಡಿ. ತಂತಿ ಹೊಡೆದರು, ಟೈಪು ಹೊಡೆದರು. ತಂತಿಯನ್ನು 2013ರ ಜುಲೈನಲ್ಲಿ ದೇಶವೇ ನಿಲ್ಲಿಸಿತು. ಹೊಡೆಯುವವರು ನಿಲ್ಲಲಿಲ್ಲ, ಮೆಸೇಜು ಹೊಡೆದರು, ಮಿಸ್ ಕಾಲ್ ಹೊಡೆದರು, ಸೆಲ್ಫಿ ಹೊಡೆದರು. ಎಲ್ಲ ಮೃದು ಕ್ರಿಯಾಪದಗಳೂ ಸತ್ತು ಪೆಟ್ಟು ಕೊಡುವುದೊಂದೇ ಬದುಕಿ ಉಳಿದದ್ದು ನಮ್ಮ ಬಗ್ಗೆ ಏನು ಹೇಳುತ್ತದೋ, ಅದನ್ನು ಯೋಚಿಸಲು ಹೋಗಿಲ್ಲ.

ಅಪ್ಪನದು ಎಚ್.ಎಂ.ಟಿ. ಜನತಾ ವಾಚು. ಜಪಾನಿನ ಸಿಟಿಜನ್ ಕಂಪನಿಯ ಜೊತೆಗೂಡಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾರ್ಖಾನೆಯ ಕೂಸು. ಬೆಳಗ್ಗೆ ಕಾಫಿಗೆ ಮೊದಲು ಅದಕ್ಕೆ ಕೀ ಕೊಡುವುದು ಅವರ ಸಂಧ್ಯಾವಂದನೆ. ಹೆಬ್ಬೆರಳು ತೋರುಬೆರಳಿನ ನಡುವೆ ಆ ಪುಟ್ಟ ತಿರುಪನ್ನು ಹಿಡಿದು, ಸಾಕು ಎಂದು ಅದೇ ಹೇಳುವವರೆಗೆ ತಿರುಗಿಸುವುದು. ಜಾಸ್ತಿ ತಿರುಗಿಸಿದರೆ ಸ್ಪ್ರಿಂಗ್ ಹೋಯಿತು. ಆ ಅಂದಾಜು ಬೆರಳಿಗೆ ಗೊತ್ತಿರಬೇಕು. ಅದರಿಂದಲೇ ಹುಟ್ಟಿದ್ದು ‘ಅವನಿಗೆ ಯಾರೋ ಕೀ ಕೊಟ್ಟಿದ್ದಾರೆ’ ಅನ್ನುವ ಮಾತು. ಪಂಚಾಯ್ತಿ ರಾಜಕೀಯದಲ್ಲಿ, ಅತ್ತೆ ಸೊಸೆ ಜಗಳದಲ್ಲಿ, ಟಿ.ವಿ. ಧಾರಾವಾಹಿಯಲ್ಲಿ ಇವತ್ತೂ ಧಾರಾಳವಾಗಿ ಕೀ ಕೊಡುತ್ತಾರೆ. ಎಚ್.ಎಂ.ಟಿ. ವಾಚು ಘಟಕಗಳನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು. ವಾಚು ನನ್ನ ಮೇಜಿನ ಡ್ರಾದಲ್ಲಿದೆ. ಆಗಾಗ ಕೀ ಕೊಡುತ್ತೇನೆ. ಎಷ್ಟು ಕೊಡಬೇಕು ಎಂದು ನನ್ನ ಬೆರಳಿಗೆ ಸರಿಯಾಗಿ ಗೊತ್ತಿಲ್ಲ, ಅರ್ಧಕ್ಕೇ ಭಯವಾಗಿ ಬಿಡುತ್ತೇನೆ.

‘ಪ್ಲೇಟು ಬದಲಾಯಿಸಿದ’ ಅನ್ನುವವರಲ್ಲಿ ಗ್ರಾಮಫೋನಿನ ಪ್ಲೇಟನ್ನು ಕೈಯಲ್ಲಿ ಹಿಡಿದವರು ಎಷ್ಟು ಮಂದಿ ಉಳಿದಿದ್ದಾರೋ. ಹೋಟೆಲಿನ ಪ್ಲೇಟು ಅಂದುಕೊಂಡವನೊಬ್ಬ ನನಗೆ ಸಿಕ್ಕಿದ್ದಾನೆ. ‘ಊಟ ಸೇರದೆ ತಟ್ಟೆ ಬದಲಾಯಿಸೋದು ಅಲ್ವಾ ಸಾರ್?’ ಅರ್ಥ ಹೇಗೋ ಕೂತುಕೊಂಡಿತು, ನಾನು ತಿದ್ದಲು ಹೋಗಲಿಲ್ಲ.

ರೀಲಿನ ವಿಷಯಕ್ಕೆ ಬಂದರೆ ನಮ್ಮ ಮನೆಯಲ್ಲೇ ಒಂದು ಪ್ರಸಂಗ ನಡೆಯಿತು. ಹಬ್ಬಕ್ಕೆಂದು ಎಲ್ಲ ಸೇರಿದ್ದಾಗ ಅಮ್ಮ ಹಳೆಯದೇನೋ ನೆನೆದು, ‘ನಿಮ್ಮ ತಾತ ರೀಲು ಬಿಡೋದ್ರಲ್ಲಿ ಎತ್ತಿದ ಕೈ’ ಅಂದಳು. ಮಗಳು ಫೋನಿನಿಂದ ತಲೆಯೆತ್ತಿ, ‘ತಾತ ರೀಲ್ಸ್ ಮಾಡ್ತಿದ್ರಾ?’ ಎಂದಳು, ನಿಜವಾದ ಗೌರವದಿಂದ. ಅವಳಿಗೆ ಹೇಗೆ ಹೇಳುವುದು? ರೀಲು ಅಂದರೆ 1000 ಅಡಿ ಉದ್ದದ ಫಿಲ್ಮು, ಪರದೆಯ ಮೇಲೆ ಓಡಿದರೆ ಸುಮಾರು 11 ನಿಮಿಷ. ಒಂದು ಸಿನಿಮಾಕ್ಕೆ ಹದಿನಾಲ್ಕು, ಹದಿನಾರು ರೀಲು. ಸುತ್ತಿಟ್ಟ ತಗಡಿನ ಡಬ್ಬಗಳನ್ನು ಒಂದರ ಮೇಲೊಂದು ಪೇರಿಸಿ ಬಸ್ಸಿನ ಟಾಪಿನಲ್ಲಿ ತರುತ್ತಿದ್ದರು. ನಮ್ಮೂರ ಟಾಕೀಸಿಗೂ ಪಕ್ಕದ ಹೋಬಳಿಯ ಟೆಂಟಿಗೂ ಒಮ್ಮೊಮ್ಮೆ ಒಂದೇ ಪ್ರಿಂಟು. ಇಲ್ಲಿ ಮುಗಿದ ಡಬ್ಬವನ್ನು ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು ಒಬ್ಬ ತುಳಿದುಕೊಂಡು ಹೋಗುವನು. ಅವನ ಚೈನು ಕಳಚಿದರೆ ಅಲ್ಲಿ ನಾಯಕ ನಾಯಕಿಯ ಕೈ ಹಿಡಿದುಕೊಂಡೇ ಅರ್ಧ ಗಂಟೆ ಇಂಟರ್‌ವಲ್ಲು. ಕೊನೆಯೇ ಇಲ್ಲದೆ ಬಿಚ್ಚಿಕೊಳ್ಳುವ ಸುಳ್ಳಿಗೆ ‘ರೀಲು ಬಿಡುವುದು’ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ, ಪ್ರೊಜೆಕ್ಟರ್ ರೂಮಿನ ಕಿಂಡಿಯಲ್ಲಿ ಒಮ್ಮೆಯಾದರೂ ಇಣುಕಿರಬೇಕು. ಮಗಳ ರೀಲು ಅರ್ಧ ನಿಮಿಷದ್ದು. ಅಷ್ಟರಲ್ಲಿ ನಮ್ಮ ತಂದೆಯವರ ಸುಳ್ಳಿಗೆ ಪೀಠಿಕೆಯೂ ಆಗುತ್ತಿರಲಿಲ್ಲ. ‘ಟಾಕೀಸ್’ ಅನ್ನುವ ಮಾತನ್ನೂ ಇಲ್ಲೇ ಸೇರಿಸಬೇಕು. ಕನ್ನಡದಲ್ಲಿ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ಬಂದದ್ದು 1934ರಲ್ಲಿ. ಸಿನಿಮಾ ಮಾತಾಡುತ್ತದೆ ಎಂಬ ಬೆರಗನ್ನೇ ಆಗ ಬೋರ್ಡಿಗೆ ಬರೆಸಿದರು. ಬೆರಗು ಹೋಯಿತು, ಬೋರ್ಡು ಉಳಿಯಿತು. ಎಷ್ಟೋ ಕಡೆ ಟಾಕೀಸೂ ಹೋಗಿ ಬಸ್‌ಸ್ಟಾಪಿನ ಹೆಸರಷ್ಟೇ ಉಳಿಯಿತು.

ಹೆಸರುಗಳು ಹೋಗುತ್ತವೆ ಅಂದೆ. ಎಲ್ಲವೂ ಹೋಗುವುದಿಲ್ಲ, ಕೆಲವು ಪರಕಾಯ ಪ್ರವೇಶ ಮಾಡುತ್ತವೆ. ‘ಹಣ’ ಅಂದರೆ ಒಂದು ಕಾಲಕ್ಕೆ ಚಿನ್ನದ ನಾಣ್ಯ. ಹದಿನೇಳನೆಯ ಶತಮಾನದ ನಡುವಿನಲ್ಲಿ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರಾಯಿ ಹಣ ಅರ್ಧ ಗ್ರಾಮೂ ತೂಗದು. ಬೇಳೆಕಾಳಿನಷ್ಟು ಚಿನ್ನದ ಮೇಲೆ ನರಸಿಂಹನನ್ನು ಕೂರಿಸಿದ್ದರು. ‘ದುಡ್ಡು’ ತಾಮ್ರದ ನಾಣ್ಯ, ‘ಕಾಸು’ ಅದಕ್ಕಿಂತ ಚಿಕ್ಕದು. ಮೂರೂ ಸತ್ತು ಮೂರೂ ಬದುಕಿವೆ. ಕ್ಯೂಆರ್ ಕೋಡಿನ ಮುಂದೆ ಫೋನು ಹಿಡಿದು ‘ದುಡ್ಡು ಬಂತಾ?’ ಎಂದು ಕೇಳುವ ತರಕಾರಿಯವಳ ಬಾಯಲ್ಲಿ ಒಂದು ತಾಮ್ರದ ಬಿಲ್ಲೆ ಠಣ್ ಎನ್ನುತ್ತದೆ.

ಆಣೆಯ ಹಣೆಬರಹ ಅಷ್ಟು ಚೆನ್ನಾಗಿರಲಿಲ್ಲ. ರೂಪಾಯಿಗೆ 16 ಆಣೆ ಇದ್ದದ್ದು 1957ರ ಏಪ್ರಿಲ್ 1ರಂದು 100 ನಯಾಪೈಸೆ ಆಯಿತು. ನಾನು ಹುಟ್ಟುವ ಹೊತ್ತಿಗೆ ಆಣೆಯ ಲೆಕ್ಕ ಹೋಗಿ ಒಂಬತ್ತು ವರ್ಷ. ಆದರೂ ನಾನು ಬಾಯಿ ತುಂಬ ನಾಲ್ಕಾಣೆ, ಎಂಟಾಣೆ ಎನ್ನುತ್ತಲೇ ಬೆಳೆದೆ. 25 ಪೈಸೆಗೆ ನಾಲ್ಕಾಣೆ ಸರಿಯಾಗಿ ಹೊಂದಿಕೊಂಡಿತು, ಒಂದಾಣೆ ಎರಡಾಣೆಗಳು ಪೈಸೆಯ ಮುರುಕಿಗೆ ಸಿಕ್ಕಿ ಹೋಗಿಬಿಟ್ಟವು. ಆ 25 ಪೈಸೆಯೂ 2011ರ ಜೂನ್ 30ಕ್ಕೆ ಚಲಾವಣೆ ಕಳೆದುಕೊಂಡಿತು. ‘ನಾಲ್ಕಾಣೆ ಬೆಲೆಯಿಲ್ಲದವನು’ ಅನ್ನುವ ಬೈಗುಳಕ್ಕೆ ಈಗ ಎರಡು ಸಲ ಸತ್ತ ನಾಣ್ಯವೇ ಆಧಾರ. ಅಜ್ಜ ಒಂದು ಮಾತನ್ನು ಒಪ್ಪಿಕೊಳ್ಳುವಾಗ ‘ಹದಿನಾರಾಣೆ ನಿಜ’ ಅನ್ನುತ್ತಿದ್ದ. ನೂರಕ್ಕೆ ನೂರು ಅನ್ನುವ ಶೇಕಡಾ ಲೆಕ್ಕ ಅದರ ಮುಂದೆ ನನಗೆ ಯಾಕೋ ಬಡಕಲಾಗಿ ಕಾಣುತ್ತದೆ. ಹದಿನಾರು ಅನ್ನುವುದು ಅರ್ಧ, ಅರ್ಧದರ್ಧ ಎಂದು ಕೈಯಲ್ಲೇ ಪಾಲು ಮಾಡಿ ಒಂದಕ್ಕೆ ಮುಟ್ಟುವ ಸಂಖ್ಯೆ. ಅಕ್ಕಿ ಅಳೆಯುವ ಸೇರಿಗೂ ಅದೇ ಪಾಲು, ಅರ್ಧ ಅಂದರೆ ಅಚ್ಚೇರು, ಕಾಲು ಅಂದರೆ ಪಾವು. ನಮ್ಮ ಮನೆಯಲ್ಲಿ ಈಗಲೂ ಕಿಲೋ ಲೆಕ್ಕದಲ್ಲಿ ಅಕ್ಕಿ ತಂದು, ಪಾವಿನಲ್ಲಿ ಅಳೆದು, ಕರೆಂಟಿನ ಕುಕ್ಕರಿಗೆ ಹಾಕುತ್ತೇವೆ. ಕುಕ್ಕರಿನ ಜೊತೆ ಬಂದ ಪ್ಲಾಸ್ಟಿಕ್ ಲೋಟ ಗಿಡಕ್ಕೆ ನೀರು ಹಾಕುತ್ತಿದೆ.

ಹೊತ್ತು ಕೇಳುವಾಗಲೂ ಅಷ್ಟೇ. ‘ಎಷ್ಟು ಗಂಟೆ?’ ಅಂದರೆ ಎಷ್ಟು ಸಲ ಗಂಟೆ ಬಾರಿಸಿತು ಎಂದು. ‘ಒಂದು ಗಳಿಗೆ ಇರಿ’ ಅಂದರೆ ತಳಕ್ಕೆ ಸಣ್ಣ ತೂತಿರುವ ಗಳಿಗೆ ಬಟ್ಟಲು ನೀರಿನ ಮೇಲೆ ತೇಲಿ, ತುಂಬಿ, ಮುಳುಗುವಷ್ಟು ಹೊತ್ತು ಇರಿ ಎಂದು. ಅದು 24 ನಿಮಿಷ. ನಮ್ಮಲ್ಲಿ ಒಂದು ಗಳಿಗೆ ಅಂದವರು ಬರುವುದೂ ಸುಮಾರು ಅಷ್ಟೇ ಹೊತ್ತಿಗೆ, ಆ ಮಟ್ಟಿಗೆ ಮಾತಿನ ಅರ್ಥ ಕೆಟ್ಟಿಲ್ಲ.

ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಪದ ‘ಕಡತ’. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿಯುತ್ತಿದ್ದರು. ಒಣಗಿ ಗಡುಸಾದ ಮೇಲೆ ಅದು ಕಪ್ಪು ಹಲಗೆಯಂತೆ. ಉದ್ದನೆಯ ಆ ಬಟ್ಟೆಯನ್ನು ಹಿಂದೆ ಮುಂದೆ ಮಡಿಸಿದರೆ ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆದರೆ ಬಿಳಿ ಅಕ್ಷರ. ಬೇಡವಾದದ್ದನ್ನು ಅಳಿಸಬಹುದು, ಕಪ್ಪು ಮಾಸಿದರೆ ಮತ್ತೆ ಬಳಿಯಬಹುದು. ಅಂಗಡಿಯ ಬಾಕಿ, ಮಠದ ಉಂಬಳಿ, ಊರಿನ ಕಂದಾಯ, ಎಲ್ಲ ಇದರಲ್ಲೇ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ, ಇತಿಹಾಸಕಾರರು ಅದನ್ನು ಬಗೆದು ಬಗೆದು ಬರೆದಿದ್ದಾರೆ. ಒರೆಸಿದರೆ ಹೋಗುವ ಬಳಪದ ಅಕ್ಷರವನ್ನು ನಂಬಿ ಜನ ಹೊಲ ಗದ್ದೆ ಕೊಟ್ಟು ತೆಗೆದುಕೊಂಡರು ಅನ್ನುವುದು ನನಗೆ ಇವತ್ತಿಗೂ ಬೆರಗಿನ ವಿಷಯ. ಕಾಗದ ಬಂದ ಮೇಲೆ ಈ ಪದ ಸರ್ಕಾರಿ ನೌಕರಿಗೆ ಸೇರಿ, ಟ್ಯಾಗು ಕಟ್ಟಿದ ಫೈಲು ಆಯಿತು. ಕಂಪ್ಯೂಟರು ಬಂದ ಮೇಲೆ ‘ಇ-ಕಡತ’ ಆಯಿತು. ಕಳೆದ ವರ್ಷ ಒಂದು ಕಚೇರಿಯಲ್ಲಿ ಖಾತೆ ಬದಲಾವಣೆಗೆ ಆರನೆಯ ಸಲ ಹೋಗಿ ನಿಂತಾಗ, ಗುಮಾಸ್ತರು ಪರದೆ ನೋಡಿಕೊಂಡು, ‘ನಿಮ್ಮ ಕಡತ ಮೇಲಿಂದ ಇನ್ನೂ ಇಳಿದಿಲ್ಲ ಸಾರ್’ ಎಂದರು. ಮೇಲೆ ನೋಡಿದೆ. ಫ್ಯಾನು ತಿರುಗುತ್ತಿತ್ತು. ಕಾಯುವ ಹೊತ್ತಿನಲ್ಲಿ ಅವರಿಗೆ ಈ ಬಟ್ಟೆ, ಹುಣಸೆಬೀಜ, ಬಳಪದ ಕಥೆ ಹೇಳಿದೆ. ಮನಸ್ಸಿಟ್ಟು ಕೇಳಿದರು. ‘ಹೌದಾ ಸಾರ್? ನಾವು ಕಡತ ಅಂದ್ರೆ ಪಿಡಿಎಫ್ ಅಂದ್ಕೊಂಡಿದ್ವಿ’ ಎಂದರು. ಕಡತ ಅವತ್ತೂ ಇಳಿಯಲಿಲ್ಲ.

ಮಾತು ಮಾಡುವುದನ್ನೇ ಚಿತ್ರಗಳೂ ಮಾಡುತ್ತವೆ, ಇನ್ನೂ ಮೊಂಡಾಗಿ. ಕಾವಲಿಲ್ಲದ ರೈಲ್ವೆ ಗೇಟು ಮುಂದಿದೆ ಎಂದು ಹೇಳುವ ರಸ್ತೆ ಫಲಕದಲ್ಲಿ ಹೊಗೆ ಬಿಡುವ ಉಗಿ ಎಂಜಿನ್ನು. ಚಿತ್ತರಂಜನ್ ಕಾರ್ಖಾನೆ ಉಗಿ ಎಂಜಿನ್ ಕಟ್ಟುವುದನ್ನು 1972ರಲ್ಲಿ ನಿಲ್ಲಿಸಿತು, ಬ್ರಾಡ್‌ಗೇಜಿನಲ್ಲಿ ಅದರ ಓಡಾಟ 1995ಕ್ಕೆ ಮುಗಿಯಿತು. ನಾನು ಜಂಕ್ಷನ್ನಿನ ಊರಿನಲ್ಲಿ ಹುಟ್ಟಿದವನು. ಮೀಟರ್‌ಗೇಜಿನ ಆ ಕರಿಯ ಎಂಜಿನ್ನು ನೀರು ಕುಡಿಯುತ್ತಾ ನಿಂತದ್ದನ್ನು, ಒಣಗಲು ಹಾಕಿದ ಪಂಚೆಯ ಮೇಲೆ ಅದರ ಮಸಿ ಉದುರಿದ್ದನ್ನು, ಅಮ್ಮ ರೈಲ್ವೆ ಇಲಾಖೆಯನ್ನೇ ಶಪಿಸಿದ್ದನ್ನು ಕಂಡಿದ್ದೇನೆ. ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಇವತ್ತೂ ‘ಕೂ... ಚುಕುಬುಕು ಚುಕುಬುಕು’ ಎಂದು ಓಡುತ್ತಾರೆ. ಅವರು ಹತ್ತುವ ಯಾವ ರೈಲೂ ಹಾಗೆ ಸದ್ದು ಮಾಡಿದ್ದಿಲ್ಲ. ಇನ್ನು ‘ಸೇವ್’ ಗುರುತಿನ ಆ ಚೌಕ ಫ್ಲಾಪಿಯ ಬಗ್ಗೆ ನನಗೆ ತಮಾಷೆ ಮಾಡಲು ಬರುವುದಿಲ್ಲ. 1.44 ಎಂಬಿಯ ಅಂಥದ್ದೊಂದರಲ್ಲಿ ಲೇಖನ ತುಂಬಿಸಿ, ಜೇಬಿನಲ್ಲಿಟ್ಟುಕೊಂಡು, ಎರಡು ಬಸ್ಸು ಬದಲಿಸಿ ಒಂದು ಪ್ರೆಸ್ಸಿಗೆ ಕೊಂಡೊಯ್ದಿದ್ದೆ. ಅಲ್ಲಿಯ ಕಂಪ್ಯೂಟರು ಕರಕರ ಅಂದು ಓದಲಾರೆ ಎಂದಿತು. ಬೇರೆ ಪ್ರತಿ ಇರಲಿಲ್ಲ. ಅಜ್ಜಿಯ ಬಗ್ಗೆ ಬರೆದದ್ದು. ಎರಡನೆಯ ಸಲ ಬರೆದಾಗ ಅದು ಅಷ್ಟು ಚೆನ್ನಾಗಿ ಬರಲಿಲ್ಲ. ಆ ಗುರುತನ್ನು ಒತ್ತುವಾಗೆಲ್ಲ ಮೊದಲನೆಯ ಅಜ್ಜಿ ಅದರೊಳಗೇ ಇದ್ದಾಳೆ ಅನ್ನಿಸುತ್ತದೆ.

ಅಮ್ಮನಿಗೆ ಈಗ ಎಂಬತ್ತಮೂರು. ಅವಳ ಬಾಯಲ್ಲಿ ಹಚ್ಚುವುದು, ಆರಿಸುವುದು, ಬೀಸಿಸುವುದು, ಪಾವು, ಎಂಟಾಣೆ ಎಲ್ಲ ಇನ್ನೂ ಬೆಚ್ಚಗಿವೆ. ಅವಳು ಆ ಮಾತುಗಳನ್ನು ಆಡುವಾಗ ಕೈಯೂ ಸಣ್ಣಗೆ ಆಡುತ್ತದೆ. ರುಬ್ಬುವುದು ಅಂದಾಗ ಮಣಿಕಟ್ಟು ತಿರುಗುತ್ತದೆ. ನಾನು ಆಡುವಾಗ ನನ್ನ ಕೈ ಸುಮ್ಮನಿರುತ್ತದೆ. ನನ್ನ ಮಗಳ ಬಾಯಲ್ಲಿ ಆ ಮಾತೇ ಇಲ್ಲ. ಮೂರು ತಲೆಮಾರಿನಲ್ಲಿ ಮೊದಲು ಕೈ ಹೋಯಿತು, ಆಮೇಲೆ ಬಾಯಿ.

ಮೊನ್ನೆ ಮಾತಿನ ನಡುವೆ ಸಿಗ್ನಲ್ ಹೋಗಿ ಲೈನು ತುಂಡಾಯಿತು. ಹೇಳಬೇಕಾದ್ದೆಲ್ಲ ಮುಗಿದಿತ್ತಲ್ಲ ಎಂದು ನಾನು ನನ್ನ ಕೆಲಸಕ್ಕೆ ಕೂತೆ. ಐದು ನಿಮಿಷಕ್ಕೆ ಮತ್ತೆ ಅವಳದೇ ಫೋನು.

‘ಏನಮ್ಮ?’

‘ಏನಿಲ್ಲ ಕಣೋ. ಹೇಳ್ದೆ ಕೇಳ್ದೆ ಕಟ್ ಆಗೋಯ್ತಲ್ಲ, ಮನಸ್ಸಿಗೆ ಒಂಥರಾ ಆಯ್ತು. ಇಡ್ಲಾ ಅಂತ ಕೇಳೋಣ ಅಂತ ಮಾಡ್ದೆ.’

‘ಇಡಮ್ಮ’ ಅಂದೆ.

‘ಇರು, ಇನ್ನೊಂದು ಮಾತು...’